ಕೊಡಗಿನಿಂದ ಸಮಾಜಕಾರ್ಯ ಓದಲು ಹೊರಟವರಿಗೆ: ಯಾವುದು ಮೊದಲು, ಯಾವುದು ಆಮೇಲೆ

ಪಿಯುಸಿ ರಿಸಲ್ಟ್ ಬಂದ ಮೇಲೆ ಪ್ರತಿ ವರ್ಷ ನನಗೆ ಒಂದೇ ಥರದ ಫೋನ್ ಬರುತ್ತದೆ. "ಅಕ್ಕಾ, ಬಿಎಸ್‌ಡಬ್ಲ್ಯೂ ಸೇರಿದ್ದೇನೆ, ಮುಂದೇನು ಮಾಡಲಿ?" ಸಿದ್ದಾಪುರದಿಂದಲೋ, ಸೋಮವಾರಪೇಟೆ ಕಡೆಯಿಂದಲೋ ಯಾರೋ ಕೇಳುತ್ತಾರೆ. ಬಿಎಸ್‌ಡಬ್ಲ್ಯೂ ಅಂದರೆ ಸಮಾಜಕಾರ್ಯದ ಡಿಗ್ರಿ. ಒಂದೆರಡು ವರ್ಷ ಕಳೆದ ಮೇಲೆ ಅವರಲ್ಲೇ ಕೆಲವರು ಮತ್ತೆ ಫೋನ್ ಮಾಡುತ್ತಾರೆ. ಫೀಲ್ಡ್ ವರ್ಕ್ ಹಾಜರಾತಿ ಸಾಲಲಿಲ್ಲ, ಸ್ಕಾಲರ್‌ಶಿಪ್ ಬರಲೇ ಇಲ್ಲ, ತಗೊಂಡ ವಿಶೇಷ ವಿಷಯ ಬೇಡ ಅನಿಸುತ್ತಿದೆ. ಇವರ್ಯಾರೂ ಓದಿನಲ್ಲಿ ಹಿಂದೆ ಇದ್ದವರಲ್ಲ. ಮೊದಲು ಕಾಲೇಜು ಹಿಡಿದರು, ಕೆಲಸದ ಬಗ್ಗೆ ಆಮೇಲೆ ಯೋಚಿಸಿದರು. ಹೆಚ್ಚಿನವರು ಎಡವಿದ್ದು ಅಲ್ಲೇ.

ನಾನು ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಮುಗಿಸಿ ಇಲ್ಲೇ ಕೊಡಗಿನಲ್ಲಿ ಕೆಲಸ ಮಾಡುತ್ತೇನೆ, ಫೀಲ್ಡ್ ವರ್ಕ್‌ಗೆ ಬರುವ ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಹಾಗಾಗಿ ಈ ತಪ್ಪುಗಳನ್ನೆಲ್ಲ ಹತ್ತಿರದಿಂದ ನೋಡಿದ್ದೇನೆ. ಕೆಳಗಿನ ಹಂತಗಳನ್ನು ದಯವಿಟ್ಟು ಇದೇ ಕ್ರಮದಲ್ಲಿ ಮಾಡಿ.

ಮೊದಲು ಇಷ್ಟನ್ನು ಜೋಡಿಸಿಕೊಳ್ಳಿ

ಒಂದು ಇನ್ನೂರು ಪುಟದ ನೋಟ್‌ಬುಕ್. ನಿಮ್ಮ ಊರಿನಿಂದ ಹೊರಡುವ ಮೊದಲ ಬಸ್ಸು, ಊರಿಗೆ ವಾಪಸ್ ಬರುವ ಕೊನೆಯ ಬಸ್ಸು ಎಷ್ಟು ಗಂಟೆಗೆ ಅನ್ನುವುದು, ಬಸ್‌ಸ್ಟ್ಯಾಂಡಿನಲ್ಲಿ ಕೇಳಿ ಬರೆದುಕೊಂಡದ್ದು. ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್. ಇವನ್ನೆಲ್ಲ ಒಂದೇ ಫೈಲಿನಲ್ಲಿಡಿ, ಡಿಜಿಲಾಕರ್‌ನಲ್ಲಿ ಸಿಗುವಂಥದ್ದನ್ನು ಅಲ್ಲೂ ಇಳಿಸಿಕೊಳ್ಳಿ. ಇನ್ನೊಂದು ಮುಖ್ಯ, ನಿಮ್ಮದೇ ಮೊಬೈಲ್ ನಂಬರ್ ಆಧಾರ್‌ಗೆ ಜೋಡಣೆಯಾಗಿರಬೇಕು. ಮಾಮನ ನಂಬರ್ ಕೊಟ್ಟು, ಒಟಿಪಿ ಬೇಕಾದಾಗಲೆಲ್ಲ ಮಾಮ ತೋಟದಲ್ಲಿ ನೆಟ್‌ವರ್ಕ್ ಇಲ್ಲದ ಕಡೆ ಇದ್ದು, ಅರ್ಜಿಯ ಕೊನೆ ದಿನ ಕಳೆದುಹೋದದ್ದನ್ನು ನಾನು ಒಂದಕ್ಕಿಂತ ಜಾಸ್ತಿ ಸಲ ನೋಡಿದ್ದೇನೆ.

1. ಕೆಲಸದಿಂದ ಹಿಂದಕ್ಕೆ ಲೆಕ್ಕ ಹಾಕಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕಾಲೇಜಿನ ಹೆಸರು ಬೇಡ. ಐದು ವರ್ಷ ಕಳೆದ ಮೇಲೆ ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ನೀವು ಎಲ್ಲಿ ಕೂತಿರಬೇಕು ಅನ್ನುವುದನ್ನು ಬರೆಯಿರಿ. ಆಸ್ಪತ್ರೆ ವಾರ್ಡಿನಲ್ಲೋ? ಮಕ್ಕಳ ರಕ್ಷಣಾ ಘಟಕದಲ್ಲೋ? ಗಿರಿಜನರ ಹಾಡಿಯಲ್ಲೋ? ತೋಟದ ಆಫೀಸಿನಲ್ಲೋ? ಒಂದೊಂದಕ್ಕೆ ಒಂದೊಂದು ದಾರಿ.

ಉದಾಹರಣೆಗೆ, ಮಾನಸಿಕ ಆರೋಗ್ಯದಲ್ಲಿ ಕೆಲಸ ಮಾಡಬೇಕು ಅಂತ ಬಹಳ ಜನ ಹೇಳುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಅನಿಸಿಕೊಳ್ಳಲು ಎಂಎಸ್‌ಡಬ್ಲ್ಯೂ ಒಂದೇ ಸಾಲದು, ಅದರ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂಫಿಲ್ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಧಾರವಾಡದ ಡಿಮ್ಹಾನ್ಸ್‌ನಲ್ಲಿ ಆ ಕೋರ್ಸ್ ಇತ್ತು, ಆದರೆ ಯುಜಿಸಿ ಈ ಎಂಫಿಲ್‌ಗೆ ಒಪ್ಪಿಗೆ ಕೊಟ್ಟಿದ್ದು 2025-26ರವರೆಗೆ, ಹಾಗಾಗಿ ಈಗ ಏನಿದೆ ಅಂತ ಅಲ್ಲೇ ಕೇಳಿ. ಅಂದರೆ ಪಿಯುಸಿ ಆದ ಮೇಲೆ 3, 2, ಮತ್ತೆ 2, ಒಟ್ಟು ಏಳು ವರ್ಷ. ಮನೆಯಲ್ಲಿ ಈ ಲೆಕ್ಕವನ್ನು ಮೊದಲೇ ಹೇಳಿಬಿಡಿ.

ಅದೇ ಮಕ್ಕಳ ರಕ್ಷಣೆಯ ಕಡೆ ಹೋದರೆ ಡಿಗ್ರಿಯಲ್ಲೇ ಬಾಗಿಲು ತೆರೆಯುತ್ತದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸೋಷಿಯಲ್ ವರ್ಕರ್ ಹುದ್ದೆಗೆ ಪದವೀಧರರು ಅರ್ಜಿ ಹಾಕಬಹುದು, ಸಮಾಜಕಾರ್ಯ ಅಥವಾ ಸಮಾಜಶಾಸ್ತ್ರ ಓದಿದವರಿಗೆ ಆದ್ಯತೆ. ಆದರೆ ಹುದ್ದೆ ಗುತ್ತಿಗೆಯದು. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯಲ್ಲಿ ತಿಂಗಳಿಗೆ 18,536 ರೂಪಾಯಿ ಅಂತ ಇತ್ತು. ಈ ಅಂಕಿಯನ್ನು ನಾನು ಯಾರಿಗೂ ಮುಚ್ಚಿಡುವುದಿಲ್ಲ. ಕೆಲಸ ಇಷ್ಟ ಅಂತ ಬಂದು, ಸಂಬಳ ಗೊತ್ತಾದ ದಿನ ಎದೆಗುಂದುವುದಕ್ಕಿಂತ ಈಗಲೇ ತಿಳಿದಿರುವುದು ಒಳ್ಳೆಯದು.

ಕೊಡಗಿನವರು ಮರೆಯುವ ಮೂರನೆಯ ದಾರಿ ತೋಟದ ವೆಲ್ಫೇರ್ ಆಫೀಸರ್ ಕೆಲಸ. 1951ರ ಪ್ಲಾಂಟೇಶನ್ ಲೇಬರ್ ಕಾಯ್ದೆಯಲ್ಲಿ 300 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ತೋಟಕ್ಕೆ ಇವರು ಇರಲೇಬೇಕಿತ್ತು. 2020ರ ಹೊಸ ಕಾರ್ಮಿಕ ಸಂಹಿತೆ ಆ ಸಂಖ್ಯೆಯನ್ನು 250ಕ್ಕೆ ಇಳಿಸಿದೆ. ಚಿಕ್ಕ ತೋಟಗಳಿಗೆ ಇದು ಅನ್ವಯಿಸುವುದಿಲ್ಲ, ದೊಡ್ಡ ಕಂಪನಿ ತೋಟಗಳಿಗೆ ಅನ್ವಯಿಸುತ್ತದೆ. ಈ ದಾರಿ ಬೇಕಾದವರು ಕಾರ್ಮಿಕ ಕಾನೂನು ಮತ್ತು ಎಚ್‌ಆರ್ ಇರುವ ವಿಶೇಷ ವಿಷಯದ ಕಡೆ ನೋಡಬೇಕು.

ಇಲ್ಲಿ ಆಗುವ ತಪ್ಪು: "ಸಮಾಜಸೇವೆ ಮಾಡಬೇಕು" ಅಂತಷ್ಟೇ ಬರೆದು ಪುಟ ತಿರುವುವುದು. ಯಾರ ಜೊತೆ, ಯಾವ ಊರಿನಲ್ಲಿ, ಎಷ್ಟು ಸಂಬಳಕ್ಕೆ? ಮೂರಕ್ಕೂ ಉತ್ತರ ಬರೆದ ಮೇಲೆಯೇ ಮುಂದಿನ ಹಂತ.

2. ಅರ್ಜಿ ಹಾಕುವ ಮೊದಲು ಹತ್ತು ದಿನ ಕೆಲಸ ನೋಡಿ

ಪರೀಕ್ಷೆ ಮುಗಿದು ರಿಸಲ್ಟ್ ಬರುವವರೆಗೆ ಸಮಯ ಇರುತ್ತದಲ್ವಾ, ಅದನ್ನು ಇದಕ್ಕೆ ಬಳಸಿ. ನಿಮ್ಮ ಊರಿನ ಅಂಗನವಾಡಿ ಟೀಚರ್ ಜೊತೆ ಎರಡು ದಿನ, ಆಶಾ ಕಾರ್ಯಕರ್ತೆಯ ಜೊತೆ ಎರಡು ದಿನ ಮನೆಮನೆ ತಿರುಗಿ. ಗ್ರಾಮ ಪಂಚಾಯಿತಿಯ ಒಂದು ಗ್ರಾಮಸಭೆಯಲ್ಲಿ ಹಿಂದೆ ಕೂತು ಕೇಳಿ. ಸಾಧ್ಯವಾದರೆ ಒಂದು ವೃದ್ಧಾಶ್ರಮಕ್ಕೋ ವಿಶೇಷ ಮಕ್ಕಳ ಶಾಲೆಗೋ ಅನುಮತಿ ಕೇಳಿ ಹೋಗಿ.

ಪ್ರತಿ ಸಂಜೆ ಎರಡೇ ಸಾಲು ಬರೆಯಿರಿ. ಇವತ್ತು ಯಾವುದು ಬೇಸರ ತಂತು, ಯಾವುದು ಮನಸ್ಸಿನಲ್ಲಿ ಉಳಿಯಿತು. ಹತ್ತನೇ ದಿನ ಓದಿ ನೋಡಿ. ಬರೀ ಬೇಸರವೇ ಇದ್ದರೆ ಈ ಕೋರ್ಸ್ ಬೇಡ ಅಂತ ನಿರ್ಧರಿಸುವುದರಲ್ಲಿ ಅವಮಾನ ಇಲ್ಲ, ಮೂರು ವರ್ಷ ಉಳಿಯುತ್ತದೆ.

3. ಬಿಎಸ್‌ಡಬ್ಲ್ಯೂನೇ ಬೇಕಾ, ಬಿಎ ಸಾಕಾ?

ಬಿಎಸ್‌ಡಬ್ಲ್ಯೂಗೆ ಸಾಮಾನ್ಯವಾಗಿ ಯಾವುದೇ ವಿಭಾಗದಲ್ಲಿ ಪಿಯುಸಿ ಪಾಸಾದವರು ಸೇರಬಹುದು. ನಮ್ಮ ರಾಜ್ಯದಲ್ಲಿ 2024-25ರಿಂದ ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಅದಕ್ಕೂ ಮೊದಲು ಸೇರಿದ ಅಣ್ಣನೋ ಅಕ್ಕನೋ ನಾಲ್ಕು ವರ್ಷ ಅಂತ ಹೇಳಿದರೆ ಗೊಂದಲ ಮಾಡಿಕೊಳ್ಳಬೇಡಿ.

ಎಂಎಸ್‌ಡಬ್ಲ್ಯೂಗೆ ಬಹಳಷ್ಟು ಕಡೆ ಯಾವ ಡಿಗ್ರಿಯಾದರೂ ಆಗುತ್ತದೆ. ಹಾಗಿದ್ದ ಮೇಲೆ ಮನೆಯಿಂದ ಓಡಾಡುವ ದೂರದಲ್ಲಿ ಬಿಎಸ್‌ಡಬ್ಲ್ಯೂ ಇಲ್ಲದಿದ್ದರೆ, ಹಾಸ್ಟೆಲ್ ಖರ್ಚು ಕಷ್ಟವಾದರೆ, ಹತ್ತಿರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಸಮಾಜಶಾಸ್ತ್ರ ಇರುವ ಬಿಎ ಮಾಡಿ, ಆ ಹಣವನ್ನು ಎಂಎಸ್‌ಡಬ್ಲ್ಯೂಗೆ ಉಳಿಸಿಕೊಳ್ಳುವುದು ನನ್ನ ಪ್ರಕಾರ ಒಳ್ಳೆಯ ಯೋಜನೆ. ಇದನ್ನು ಕೇಳಿ ಕೆಲವು ಮೇಷ್ಟ್ರುಗಳಿಗೆ ಬೇಜಾರಾಗಬಹುದು. ಆದರೆ ಮೊದಲ ವರ್ಷದ ಫೀಸಿಗೆ ಚಿನ್ನ ಅಡವಿಟ್ಟು, ಎರಡನೇ ವರ್ಷ ಓದು ಬಿಟ್ಟವರನ್ನು ನೋಡಿದ ಮೇಲೆ ನಾನು ಇದನ್ನೇ ಹೇಳುವುದು. ಬಿಎಸ್‌ಡಬ್ಲ್ಯೂ ಮಾಡಿದವರಿಗೆ ಸಿಗುವ ದೊಡ್ಡ ಲಾಭ ಮೂರು ವರ್ಷದ ಫೀಲ್ಡ್ ವರ್ಕ್. ಬಿಎ ಮಾಡುವವರು ಅದನ್ನು ರಜೆಯಲ್ಲಿ, ಎನ್ಎಸ್ಎಸ್ ಶಿಬಿರದಲ್ಲಿ ಸ್ವಲ್ಪವಾದರೂ ತುಂಬಿಕೊಳ್ಳಬೇಕು.

ಕೆಲಸ ಮಾಡುತ್ತಲೇ ಓದಬೇಕಾದವರಿಗೆ ದೂರಶಿಕ್ಷಣದ ಇಗ್ನೋ ವಿಶ್ವವಿದ್ಯಾಲಯದಲ್ಲಿ ಬಿಎಸ್‌ಡಬ್ಲ್ಯೂ, ಎಂಎಸ್‌ಡಬ್ಲ್ಯೂ ಎರಡೂ ಇವೆ, ವರ್ಷಕ್ಕೆ ಎರಡು ಸಲ ಪ್ರವೇಶ. ಅಲ್ಲಿಯೂ ಫೀಲ್ಡ್ ವರ್ಕ್ ಕಡ್ಡಾಯ. ಬೇರೆ ಯಾರಾದರೂ "ಮನೆಯಲ್ಲೇ ಕೂತು, ಫೀಲ್ಡ್ ವರ್ಕ್ ಇಲ್ಲದೆ, ಒಂದೇ ವರ್ಷದಲ್ಲಿ ಎಂಎಸ್‌ಡಬ್ಲ್ಯೂ" ಅಂದರೆ ಆ ಕ್ಷಣವೇ ಎದ್ದು ಬನ್ನಿ. ದೂರಶಿಕ್ಷಣದ ಯಾವ ಕೋರ್ಸ್ ಆದರೂ ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ, ನೀವು ಸೇರುವ ವರ್ಷಕ್ಕೆ, ಇದೆಯಾ ಅಂತ ನೋಡಿಯೇ ದುಡ್ಡು ಕಟ್ಟಬೇಕು.

4. ಕಾಲೇಜು: ಕಟ್ಟಡ ನೋಡಬೇಡಿ, ಇವನ್ನು ಕೇಳಿ

ನಮಗೆ ರೈಲಿಲ್ಲ, ಇರುವುದು ಬಸ್ಸು ಮಾತ್ರ. ಮಡಿಕೇರಿಯಿಂದ ಮೈಸೂರು ಹತ್ತಿರ ಹತ್ತಿರ 120 ಕಿಲೋಮೀಟರ್, ಮಂಗಳೂರು ಇನ್ನೂ ಸ್ವಲ್ಪ ದೂರ, ಅದೂ ಸಂಪಾಜೆ ಘಾಟಿ ಇಳಿದು. ಈ ಎರಡೂ ಊರು ದಿನಾ ಓಡಾಡುವ ದೂರವಲ್ಲ, ಉಳಿಯುವ ಜಾಗ ಬೇಕೇ ಬೇಕು. ಮಂಗಳೂರಿನ ರೋಶನಿ ನಿಲಯದಲ್ಲಿ ಬಿಎಸ್‌ಡಬ್ಲ್ಯೂ, ಎಂಎಸ್‌ಡಬ್ಲ್ಯೂ ಎರಡೂ ಇವೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ, ಮಂಗಳೂರು ವಿಶ್ವವಿದ್ಯಾಲಯದ ಮಂಗಳಗಂಗೋತ್ರಿಯಲ್ಲಿ ಎಂಎಸ್‌ಡಬ್ಲ್ಯೂ ಇದೆ. ನಮ್ಮ ಜಿಲ್ಲೆಯ ಕಾಲೇಜುಗಳಿಗೆ ಮೊದಲು ಮಂಗಳೂರು ವಿಶ್ವವಿದ್ಯಾಲಯ ಇತ್ತು, 2023ರಲ್ಲಿ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾಯಿತು. ಹಾಗಾಗಿ ಸೀನಿಯರ್‌ಗಳ ಹಳೆಯ ಪ್ರಶ್ನೆಪತ್ರಿಕೆ ಮತ್ತು ಸಿಲೆಬಸ್ಸನ್ನು ಸುಮ್ನೆ ನಂಬಬೇಡಿ.

ಆಫೀಸಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು. ಈ ವರ್ಷ ಕೋರ್ಸ್ ನಿಜವಾಗಿ ನಡೆಯುತ್ತಾ, ಹೋದ ವರ್ಷ ಎಷ್ಟು ಜನ ಸೇರಿದ್ದರು? ಕೋರ್ಸ್ ಹೆಸರು ಪಟ್ಟಿಯಲ್ಲಿದ್ದು, ಸಾಕಷ್ಟು ಮಕ್ಕಳಿಲ್ಲ ಅಂತ ಆಗಸ್ಟ್‌ನಲ್ಲಿ ಕೈಬಿಟ್ಟರೆ ನೀವು ಬೀದಿಯಲ್ಲಿ. ಸಮಾಜಕಾರ್ಯದಲ್ಲೇ ಎಂಎಸ್‌ಡಬ್ಲ್ಯೂ ಮಾಡಿದ ಅಧ್ಯಾಪಕರು ಎಷ್ಟು ಜನ? ಫೀಲ್ಡ್ ವರ್ಕ್‌ಗೆ ಯಾವ ಯಾವ ಸಂಸ್ಥೆಗೆ ಕಳಿಸುತ್ತೀರಿ, ಅಲ್ಲಿಗೆ ಹೋಗುವ ಬಸ್ ಖರ್ಚು ಯಾರದು? ಅಧ್ಯಾಪಕರ ಜೊತೆ ವಾರದ ವೈಯಕ್ತಿಕ ಚರ್ಚೆ, ಅಂದರೆ ಐಸಿ, ನಡೆಯುತ್ತಾ? ರೂರಲ್ ಕ್ಯಾಂಪ್‌ಗೆ ಎಷ್ಟು ಹಣ ಕೇಳುತ್ತೀರಿ?

ಆಮೇಲೆ ಆಫೀಸಿನಿಂದ ಹೊರಗೆ ಬಂದು, ಎರಡನೇ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಹಿಡಿದು ಅವರ ಫೀಲ್ಡ್ ವರ್ಕ್ ರೆಕಾರ್ಡ್ ತೋರಿಸಲು ಕೇಳಿ. ಪುಟಪುಟದಲ್ಲೂ ಅಧ್ಯಾಪಕರು ಕೆಂಪು ಶಾಯಿಯಲ್ಲಿ ಪ್ರಶ್ನೆ ಬರೆದಿದ್ದರೆ ಒಳ್ಳೆಯ ಕಾಲೇಜು. ಬರೀ ಸಹಿ, ಅದೂ ಎಲ್ಲ ಪುಟಕ್ಕೂ ಒಂದೇ ದಿನ ಹಾಕಿದಂತಿದ್ದರೆ ಅದು ಎಚ್ಚರಿಕೆಯ ಗಂಟೆ.

5. ಕಾಗದಪತ್ರ, ಸ್ಕಾಲರ್‌ಶಿಪ್, ಹಾಸ್ಟೆಲ್

ಅತಿ ಜಾಸ್ತಿ ಜನ ಸೋಲುವುದು ಇಲ್ಲಿ, ಅದೂ ಒಂದು ಅಕ್ಷರಕ್ಕೆ. ಕೊಡಗಿನಲ್ಲಿ ಹೆಸರಿನ ಜೊತೆ ಮನೆತನದ ಹೆಸರು ಇರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅದು ಬರೀ ಇನಿಷಿಯಲ್, ಆಧಾರ್‌ನಲ್ಲಿ ಪೂರ್ತಿ, ಬ್ಯಾಂಕಿನಲ್ಲಿ ಹೆಸರಿಗೆ ಮೊದಲು ಇರುವ ಬದಲು ಕೊನೆಯಲ್ಲಿ. ನನ್ನದೂ ಹೀಗೇ ಆಗಿತ್ತು. ಮೂರು ದಾಖಲೆಯಲ್ಲಿ ಮೂರು ಹೆಸರು, ಸರಿ ಮಾಡಿಸುವಷ್ಟರಲ್ಲಿ ಆ ವರ್ಷದ ಸ್ಕಾಲರ್‌ಶಿಪ್ ಹೋಯಿತು, ಅಪ್ಪ ಸಂಘದಲ್ಲಿ ಸಾಲ ಮಾಡಿ ಫೀಸ್ ಕಟ್ಟಿದರು. ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಆಧಾರ್‌ನ ಹೆಸರನ್ನು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಂತೆ ಮಾಡಿಸಿ. ಆಮೇಲೆ ಬ್ಯಾಂಕಿನಲ್ಲಿ ಅದೇ ಹೆಸರು. ಆಮೇಲೆ ಖಾತೆಗೆ ಆಧಾರ್ ಜೋಡಿಸಿ ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ಹಣ ಆ ಖಾತೆಗೇ ಬರುವಂತೆ ಮಾಡುವ ಜೋಡಣೆ, ಆಗಿದೆಯಾ ಅಂತ ಬ್ಯಾಂಕಿನವರನ್ನೇ ಕೇಳಿ. ಬರೀ ಆಧಾರ್ ಲಿಂಕ್ ಆಗಿದೆ ಅನ್ನುವ ಉತ್ತರ ಸಾಲದು.

ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲಿರುವ ಆರ್‌ಡಿ ಸಂಖ್ಯೆಯನ್ನೇ ರಾಜ್ಯದ ಸ್ಕಾಲರ್‌ಶಿಪ್ ಅರ್ಜಿಯ ಎಸ್‌ಎಸ್‌ಪಿ ಪೋರ್ಟಲ್ ಕೇಳುವುದು. ಅವಧಿ ಮುಗಿದ ಆದಾಯ ಪತ್ರ ಹಾಕಿದರೆ ಅರ್ಜಿ ನಿಂತುಬಿಡುತ್ತದೆ. ತೋಟದ ಕೆಲಸಗಾರರ ಸಾಲುಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲಿ, ಬೆಳೆದ ಮಕ್ಕಳಿಗೆ, ಹಾಡಿಯ ಮಕ್ಕಳಿಗೆ ಇದು ಇನ್ನೂ ಕಷ್ಟ, ಯಾಕೆಂದರೆ ರೇಷನ್ ಕಾರ್ಡ್ ಒಂದು ಊರಿನದು, ಇರುವುದು ಇನ್ನೊಂದು ತೋಟದಲ್ಲಿ. ಅಂಥವರು ಜೂನ್‌ವರೆಗೆ ಕಾಯಬೇಡಿ, ಫೆಬ್ರವರಿಯಲ್ಲೇ ಗ್ರಾಮ ಆಡಳಿತ ಅಧಿಕಾರಿಯನ್ನು (ಮೊದಲಿನ ಗ್ರಾಮ ಲೆಕ್ಕಿಗರು) ಕಂಡು ಮಾತಾಡಿ. ಪರಿಶಿಷ್ಟ ಪಂಗಡದವರು ಮಡಿಕೇರಿಯ ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆ ಕಚೇರಿಯಲ್ಲಿ ಹಾಸ್ಟೆಲ್ ಮತ್ತು ಸ್ಕಾಲರ್‌ಶಿಪ್ ಎರಡನ್ನೂ ವಿಚಾರಿಸಿ.

ಕಾಲೇಜು ಪ್ರವೇಶದ ಯುಯುಸಿಎಂಎಸ್ ಪೋರ್ಟಲ್‌ನಲ್ಲೂ ಹೆಸರು ಅದೇ ಇರಲಿ. ಹಾಸ್ಟೆಲ್ ಅರ್ಜಿ, ಸ್ಕಾಲರ್‌ಶಿಪ್ ಅರ್ಜಿ, ಕಾಲೇಜು ಅರ್ಜಿ, ಈ ಮೂರೂ ಬೇರೆ ಬೇರೆ. ಒಂದು ಹಾಕಿದರೆ ಉಳಿದೆರಡು ತಾನಾಗಿ ಆಗುವುದಿಲ್ಲ.

6. ಫೀಲ್ಡ್ ವರ್ಕ್: ಈ ಓದಿನ ಬೆನ್ನೆಲುಬು

ವಾರಕ್ಕೆ ಸಾಮಾನ್ಯವಾಗಿ ಎರಡು ದಿನ ಕ್ಲಾಸ್ ಬಿಟ್ಟು ಹೊರಗೆ ಕೆಲಸ. ಸಂಸ್ಥೆಯ ಮೇಲ್ವಿಚಾರಕರು ಒಬ್ಬರು, ಕಾಲೇಜಿನವರು ಒಬ್ಬರು. ಜೊತೆಗೆ ವರದಿ, ಐಸಿ, ಗುಂಪು ಚರ್ಚೆ, ರೂರಲ್ ಕ್ಯಾಂಪ್, ಎಂಎಸ್‌ಡಬ್ಲ್ಯೂ ಕೊನೆಯಲ್ಲಿ ಬ್ಲಾಕ್ ಪ್ಲೇಸ್‌ಮೆಂಟ್, ಅಂದರೆ ಒಂದೇ ಸಂಸ್ಥೆಯಲ್ಲಿ ಕೆಲವು ವಾರ ಬಿಡದೆ ಮಾಡುವ ಕೆಲಸ. ಇದರಲ್ಲಿ ಫೇಲಾದರೆ ಥಿಯರಿಯಲ್ಲಿ ಎಷ್ಟೇ ಅಂಕ ಬಂದರೂ ಪ್ರಯೋಜನವಿಲ್ಲ.

ಕೊಡಗಿನಲ್ಲಿ ಮೊದಲ ಶತ್ರು ಮಳೆ. ಜುಲೈ, ಆಗಸ್ಟ್‌ನಲ್ಲಿ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ, ಕ್ಲಾಸಿನ ಪಾಠವನ್ನು ಆಮೇಲೆ ಮುಗಿಸಬಹುದು, ಫೀಲ್ಡ್ ವರ್ಕ್ ದಿನ ಮಾತ್ರ ಹೋಯಿತೆಂದರೆ ಹೋಯಿತು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮಂಗಳೂರು ರಸ್ತೆಯೇ ಮುಚ್ಚಿಹೋಗಿದ್ದು ನೆನಪಿದೆ ಅಲ್ವಾ? ಆದ್ದರಿಂದ ಸೆಮಿಸ್ಟರ್ ಶುರುವಾದ ವಾರವೇ ಮೇಲ್ವಿಚಾರಕರ ಹತ್ತಿರ ಕೇಳಿ, ರಜೆಗೆ ಬದಲಿ ದಿನ ಯಾವುದು ಅಂತ ಬರೆಸಿಕೊಳ್ಳಿ. ಪುತ್ತರಿ, ಕೈಲ್‌ಪೊಳ್ದ್, ಊರಿನ ಹಬ್ಬ ಇವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಎರಡನೆಯದು ಸಮಯ. ತೋಟದ ಕೆಲಸಗಾರರು ಹಗಲು ಮನೆಯಲ್ಲಿ ಇರುವುದಿಲ್ಲ. ಕಾಫಿ ಕೊಯ್ಲಿನ ತಿಂಗಳುಗಳಲ್ಲಂತೂ ಮಾತಿಗೇ ಸಿಗುವುದಿಲ್ಲ, ಕೊಯ್ದ ಕಿಲೋ ಲೆಕ್ಕದಲ್ಲಿ ಕೂಲಿ ಇರುವಾಗ ಅವರನ್ನು ನಿಲ್ಲಿಸಿ ಪ್ರಶ್ನೆ ಕೇಳುವುದು ಅವರ ದುಡ್ಡಿಗೆ ಕೈ ಹಾಕಿದಂತೆ. ಸಂಜೆ ಹೋಗೋಣ ಅಂದರೆ ಕೊನೆ ಬಸ್ಸು, ಆನೆ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಕತ್ತಲಾದ ಮೇಲೆ ನಡೆದು ಬರುವ ಧೈರ್ಯ ಖಂಡಿತ ಬೇಡ. ವಾರದ ರಜೆ ದಿನ ಬೆಳಿಗ್ಗೆ, ಸಂತೆಗೆ ಹೊರಡುವ ಮೊದಲು ಹೋಗುವುದು ನಮಗೆ ಸರಿಹೋಗಿದೆ. ಹೋಗುವ ಮೊದಲು ತೋಟದ ರೈಟರ್‌ಗೆ, ಅಂದರೆ ಲೆಕ್ಕ ಬರೆಯುವವರಿಗೆ, ಕಾಲೇಜಿನ ಪತ್ರ ಕೊಟ್ಟು ಅನುಮತಿ ಪಡೆಯಿರಿ. ಮೇಸ್ತ್ರಿ ಪರಿಚಯ ಅಂತ ಅವರ ಹಿಂದೆಯೇ ಹೋದರೆ ಹೆಂಗಸರು ಬಾಯಿ ಬಿಡುವುದಿಲ್ಲ.

ಮೂರನೆಯದು ಭಾಷೆ. ಎರವರ ಮಾತು, ಜೇನುಕುರುಬರ ಮಾತು, ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಈಗ ಅಸ್ಸಾಂನಿಂದ ಬಂದವರ ಭಾಷೆ. ಎಲ್ಲ ಕಲಿಯಲು ಆಗುವುದಿಲ್ಲ, ಆದರೆ ನಿಮ್ಮ ಜಾಗದ ಭಾಷೆಯಲ್ಲಿ ಇಪ್ಪತ್ತು ಮಾತು ಕಲಿತು ಹೋಗಿ. ಊಟ ಆಯ್ತಾ, ಮಗು ಹೇಗಿದೆ, ಇಲ್ಲಿ ಕೂರಬಹುದಾ.

ಒಂದು ಲೈನ್ ಮನೆಯಲ್ಲಿ ನಡೆದದ್ದು ಹೇಳುತ್ತೇನೆ. ಮೊದಲ ವರ್ಷದ ಹುಡುಗಿ, ನಮೂನೆ ಹಿಡಿದು ಜಗಲಿಯಲ್ಲಿ ಕೂತು, "ಮನೆಯಲ್ಲಿ ಎಷ್ಟು ಜನ, ಆದಾಯ ಎಷ್ಟು" ಅಂತ ಸಾಲಾಗಿ ಕೇಳುತ್ತಾ ಹೋದಳು. ಎದುರಿನ ಅಮ್ಮ ಹೂಂ, ಇಲ್ಲ ಅಂತಷ್ಟೇ ಹೇಳುತ್ತಾ ಒಲೆಗೆ ಸೌದೆ ತಳ್ಳುತ್ತಿದ್ದರು. ಪೆನ್ನಿನ ಶಾಯಿ ಮುಗಿಯಿತು. ಹುಡುಗಿ ಪುಸ್ತಕ ಮುಚ್ಚಿಟ್ಟು, ಒದ್ದೆ ಸೌದೆಯ ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತಾ, ಊದುಕೊಳವೆ ತಗೊಂಡು ಒಲೆ ಊದಿದಳು. ಆಗ ಆ ಅಮ್ಮ ತಿರುಗಿ ನೋಡಿ, ಮಗ ಶಾಲೆ ಬಿಟ್ಟು ಎರಡು ತಿಂಗಳಾಯಿತು ಅಂತ ತಾವಾಗಿಯೇ ಶುರು ಮಾಡಿದರು. ಅವತ್ತಿನ ವರದಿ ಎಂಟು ಪುಟ ಆಯಿತು. ಮೊದಲ ಎರಡು ಭೇಟಿಯಲ್ಲಿ ನಮೂನೆ ಹೊರಗೆ ತೆಗೆಯಬೇಡಿ ಅಂತ ನಾನು ಹೇಳುವುದು ಅದಕ್ಕೇ. ಬಸ್ಸಿನಲ್ಲಿ ವಾಪಸ್ ಬರುವಾಗ ನೆನಪಿದ್ದದ್ದನ್ನು ಬರೆಯಿರಿ, ಅದೇ ರಾತ್ರಿ ವರದಿ ಮಾಡಿ. ಒಂದು ತಿಂಗಳ ವರದಿಯನ್ನು ಒಂದೇ ರಾತ್ರಿ ಬರೆದದ್ದು ಓದುವವರಿಗೆ ಗೊತ್ತಾಗುತ್ತದೆ.

ಎರಡು ವಿಷಯದಲ್ಲಿ ತಪ್ಪಿಗೆ ಕ್ಷಮೆ ಇಲ್ಲ. ಬಾಲಮಂದಿರದ ಮಕ್ಕಳ ಫೋಟೋ ಸ್ಟೇಟಸ್‌ಗೆ ಹಾಕುವುದು ಕಾನೂನಿಗೇ ವಿರುದ್ಧ, 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಮಗುವಿನ ಗುರುತು ಹೊರಗೆ ಬಿಡುವುದನ್ನು ತಡೆಯುತ್ತದೆ. ಇನ್ನೊಂದು, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ ಗುಟ್ಟಾಗಿ ಇಟ್ಟುಕೊಳ್ಳುವಂತಿಲ್ಲ. ಪೋಕ್ಸೊ ಕಾಯ್ದೆಯಲ್ಲಿ ತಿಳಿದವರು ತಿಳಿಸಲೇಬೇಕು. ಅದೇ ದಿನ ನಿಮ್ಮ ಮೇಲ್ವಿಚಾರಕರಿಗೆ ಹೇಳಿ, 1098ಕ್ಕೆ ಕರೆ ಮಾಡಿ. "ಯಾರಿಗೂ ಹೇಳಲ್ಲ" ಅಂತ ಮಗುವಿಗೆ ಮಾತು ಕೊಡಬೇಡಿ.

7. ಎಂಎಸ್‌ಡಬ್ಲ್ಯೂ ಮತ್ತು ವಿಶೇಷ ವಿಷಯ

ಡಿಗ್ರಿಯ ಐದನೇ ಸೆಮಿಸ್ಟರ್‌ನಲ್ಲೇ ಮೊದಲ ಪುಟಕ್ಕೆ ವಾಪಸ್ ಹೋಗಿ. ಅಲ್ಲಿ ಬರೆದ ಮಂಗಳವಾರ ಬದಲಾಗಿರಬಹುದು, ಬದಲಾಗಿದ್ದರೆ ತಿದ್ದಿ. ಸಮುದಾಯ ಅಭಿವೃದ್ಧಿ, ವೈದ್ಯಕೀಯ ಮತ್ತು ಮನೋವೈದ್ಯಕೀಯ, ಎಚ್‌ಆರ್, ಕುಟುಂಬ ಮತ್ತು ಮಗು, ಸಾಮಾನ್ಯವಾಗಿ ಇವು ವಿಶೇಷ ವಿಷಯಗಳು. ಎಲ್ಲ ಕಡೆ ಎಲ್ಲವೂ ಇರುವುದಿಲ್ಲ. ಕೊನೆ ಗಳಿಗೆಯಲ್ಲಿ ಗೆಳತಿ ತಗೊಂಡಳು ಅಂತ ಎಚ್‌ಆರ್ ತಗೊಂಡು, ಆಮೇಲೆ ಹಾಡಿಯಲ್ಲಿ ಕೆಲಸ ಹುಡುಕುವವರು ಪ್ರತಿ ವರ್ಷ ಇರುತ್ತಾರೆ.

ಹೊರಗೆ ಹೋಗುವ ಆಸೆ ಇದ್ದರೆ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಗೆ (ಟಿಸ್) ಸಿಯುಇಟಿ-ಪಿಜಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು, ಅರ್ಜಿ ಕೊನೇ ಸೆಮಿಸ್ಟರ್ ಪರೀಕ್ಷೆಗೆ ಎಷ್ಟೋ ಮೊದಲೇ ಮುಗಿದಿರುತ್ತದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಎಂಎ ಡೆವಲಪ್‌ಮೆಂಟ್‌ಗೆ ಅವರದೇ ಪರೀಕ್ಷೆ ಇದೆ, ಮನೆಯ ಪರಿಸ್ಥಿತಿ ನೋಡಿ ಫೀಸಿಗೆ ನೆರವು ಕೊಡುತ್ತಾರೆ. ನಮ್ಮ ಮಕ್ಕಳು ಇಂಗ್ಲಿಷ್ ಭಯಕ್ಕೆ ಅರ್ಜಿಯನ್ನೇ ಹಾಕುವುದಿಲ್ಲ, ಅದು ನನಗೆ ತುಂಬಾ ಬೇಸರ. ದಿನಾ ಒಂದು ಪುಟ ಇಂಗ್ಲಿಷ್ ಪೇಪರ್ ಓದುವುದನ್ನು ಡಿಗ್ರಿ ಮೊದಲ ವರ್ಷದಿಂದಲೇ ಶುರು ಮಾಡಿ.

8. ಕೊನೆಯ ವರ್ಷ

ಸಮಾಜಕಾರ್ಯಕ್ಕೆ ವಕೀಲರಿಗೆ ಇರುವಂಥ ಒಂದು ಕೌನ್ಸಿಲ್ ನಮ್ಮ ದೇಶದಲ್ಲಿ ಇಲ್ಲ. ಆದ್ದರಿಂದ ಪ್ರತಿ ನೇಮಕಾತಿ ಅಧಿಸೂಚನೆಯಲ್ಲಿ ವಿದ್ಯಾರ್ಹತೆಯ ಸಾಲನ್ನು ಅಕ್ಷರಕ್ಷರ ಓದಬೇಕು. ಕೆಲವದರಲ್ಲಿ ಯಾವುದೇ ಪದವಿ ಸಾಕು, ಕೆಲವದರಲ್ಲಿ ಎಂಎಸ್‌ಡಬ್ಲ್ಯೂನೇ ಬೇಕು, ಕೆಲವದರಲ್ಲಿ ಅನುಭವವೂ ಬೇಕು. ಪಾಠ ಮಾಡುವ ಆಸೆ ಇರುವವರು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ನಲ್ಲಿ ಸಮಾಜಕಾರ್ಯ ವಿಷಯ ತಗೊಂಡು ಬರೆಯಬಹುದು, ರಾಜ್ಯದ ಕೆ-ಸೆಟ್ ಕೂಡ ಇದೆ.

ಬ್ಲಾಕ್ ಪ್ಲೇಸ್‌ಮೆಂಟ್‌ಗೆ ಮನೆ ಹತ್ತಿರದ ಸುಲಭದ ಜಾಗ ಕೇಳಬೇಡಿ. ಎಲ್ಲಿ ಕೆಲಸ ಬೇಕೋ ಅಲ್ಲೇ ಕೇಳಿ, ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯೋ, ದೌರ್ಜನ್ಯಕ್ಕೊಳಗಾದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರವೋ, ದೊಡ್ಡ ತೋಟದ ಆಫೀಸೋ. ಪತ್ರವನ್ನು ಮೂರು ತಿಂಗಳು ಮೊದಲೇ ಕೊಡಿ. ಮುಗಿದ ದಿನವೇ ಅನುಭವ ಪತ್ರ ಬರೆಸಿಕೊಳ್ಳಿ, ಅದರಲ್ಲಿ ಗಂಟೆಗಳ ಲೆಕ್ಕ ಮತ್ತು ನೀವು ಮಾಡಿದ ಕೆಲಸ ಎರಡೂ ಇರಲಿ. ಆರು ತಿಂಗಳು ಬಿಟ್ಟು ಹೋದರೆ ಸಹಿ ಹಾಕಬೇಕಾದವರು ವರ್ಗವಾಗಿರುತ್ತಾರೆ. ಅದರ ಒಂದು ಪ್ರತಿಯನ್ನು ಮನೆಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ, ನಮ್ಮ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯಲು ಒಂದು ವಾರ ಸಾಕು.